ಮುನಿರಾಜಣ್ಣನ ಗುಮ್ಕಿ

ಮೊನ್ನೆ ಸಂಜಯನಗರದ ಮೆಡಿಕಲ್ ಶಾಪಿನಲ್ಲಿ ತಲೆನೋವಿನ ಮಾತ್ರೆಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಗುವಿಗೆ ಹಾಕುವ ಪೌಡರ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದರು. ಆ ಘಮ ನನ್ನ ಮೂಗಿಗೂ ಬಂತು. ಬೇರೆಯವರಿಗೆ ಅದರಿಂದ ಎಳೆ ಮಗು ನೆನಪಾಗಬಹುದು. ನನಗೆ ಮಾತ್ರ ಐವತ್ತು ದಾಟಿದ, ದಪ್ಪ ಮೀಸೆಯ ಡೋಲಕ್ ವಾದಕರೊಬ್ಬರು ನೆನಪಾಗುತ್ತಾರೆ. ಮುನಿರಾಜಣ್ಣ ಸ್ಟೇಜು ಹತ್ತುವ ಮೊದಲು ಎಡ ಅಂಗೈಗೆ ಧಾರಾಳವಾಗಿ ಪೌಡರ್ ಸುರಿದುಕೊಳ್ಳುತ್ತಿದ್ದರು. ಬೆವರಿದ ಕೈ ಚರ್ಮದ ಮೇಲೆ ಜಾರುವುದಿಲ್ಲ, ಜಾರದಿದ್ದರೆ ಗುಮ್ಕಿ ಬರುವುದಿಲ್ಲ. ಮಾತ್ರೆ ತೆಗೆದುಕೊಂಡು ಮನೆಗೆ ಬಂದೆ. ತಲೆನೋವು ಹೋಗಲಿಲ್ಲ.

ಗುಮ್ಕಿ ಎಂದರೆ ಡೋಲಕ್ಕಿನ ಎಡಬದಿಯ, ಅಂದರೆ ದೊಡ್ಡ ಮುಖದ ಶಬ್ದ. ಬೆರಳಿನಿಂದ ತಟ್ಟಿ, ಅಂಗೈಯ ಬುಡದಿಂದ ಒತ್ತಿ ಉಜ್ಜಿದಾಗ ‘ಗುಂವ್’ ಎಂದು ಏಳುತ್ತದಲ್ಲ, ಅದು. ಕುಣಿಯುವ ಹಾಡಿನಲ್ಲಿ ಜನರನ್ನು ಕುರ್ಚಿಯಿಂದ ಎಬ್ಬಿಸುವುದು ಹಾಡುಗಾರನಲ್ಲ, ಈ ಗುಮ್ಕಿ. ಇದನ್ನು ಹಾಡುಗಾರರ ಎದುರಿಗೇ ಎಷ್ಟೋ ಸಲ ಹೇಳಿ ಅವರ ಮುಖ ಊದಿಸಿದ್ದೇನೆ. ನನ್ನ ಬಾಯಿ ಆಗಲೂ ಅಷ್ಟೇ, ಈಗಲೂ ಅಷ್ಟೇ.

ನಾನು ಹೇಳುತ್ತಿರುವುದು ನಾಗಸಂದ್ರಕ್ಕೆ ಮೆಟ್ರೋ ಬಂದ ವರ್ಷದ ಮಾತು. ಹಗಲು ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುತ್ತಿದ್ದೆ. ಗಣೇಶನ ಹಬ್ಬ ಬಂತೆಂದರೆ ಸಂಜೆಗಳೆಲ್ಲ ಆರ್ಕೆಸ್ಟ್ರಾಕ್ಕೆ ಮೀಸಲು. ಗಣೇಶ ನೀರಿಗೆ ಬೀಳುವಷ್ಟರಲ್ಲಿ ರಾಜ್ಯೋತ್ಸವ ಬರುತ್ತಿತ್ತು. ನಮ್ಮ ಕಡೆ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ. ನವೆಂಬರ್ ಪೂರ್ತಿ ಬೀದಿಗೊಂದು ಸ್ಟೇಜು, ಸ್ಟೇಜಿಗೊಂದು ಆರ್ಕೆಸ್ಟ್ರಾ. ಕೆಲವು ಸಂಘದವರಿಗೆ ಡಿಸೆಂಬರಿನಲ್ಲಿ ಕನ್ನಡ ನೆನಪಾಗುವುದೂ ಉಂಟು. ನಮ್ಮ ತಂಡ ಕೆಂಪಣ್ಣನವರದು. ಗೆದ್ದಲಹಳ್ಳಿಯ ಹಳೇ ಒಕ್ಕಲು ಮನೆತನ, ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹುಡುಗಿಯರ ಪಿಜಿ ಎದ್ದಿದೆ. ಅದರ ನೆಲಮಾಳಿಗೆಯಲ್ಲಿ, ನೀರಿನ ಮೋಟಾರಿನ ಪಕ್ಕದಲ್ಲಿ ನಮ್ಮ ರಿಹರ್ಸಲ್. ಬಾಡಿಗೆ ತಿಂದುಕೊಂಡು ಹಾಯಾಗಿರಬಹುದಿದ್ದ ಕೆಂಪಣ್ಣನವರಿಗೆ ಹಾಡಿನ ಹುಚ್ಚು, ಅದಕ್ಕೇ ಆ ತಾಪತ್ರಯ.

ಮುನಿರಾಜಣ್ಣ ರಾಜಾನುಕುಂಟೆಯವರು. ಊರಿನ ಭಜನೆಯಲ್ಲಿ ಕೈ ಪಳಗಿಸಿಕೊಂಡು, ಕೆಂಪಣ್ಣ ತಂಡ ಕಟ್ಟಿದ ದಿನದಿಂದಲೂ ಜೊತೆಗಿದ್ದವರು. ಆ ವರ್ಷ ಆಷಾಢ ಕಳೆದು ರಿಹರ್ಸಲ್ ಶುರುವಾದಾಗ ಅವರ ಎಡಗೈಗೆ ಏನೋ ಆಗಿತ್ತು. ಟೀ ಲೋಟವನ್ನು ಬಲಗೈಗೆ ದಾಟಿಸಿಕೊಂಡೇ ಕುಡಿಯುತ್ತಿದ್ದರು. ಗುಂಡಿಯ ಅಂಗಿ ಬಿಟ್ಟು ತಲೆಯ ಮೇಲಿಂದ ಎಳೆದುಕೊಳ್ಳುವ ಜುಬ್ಬಾ ಹಾಕತೊಡಗಿದ್ದರು.

“ಏನಣ್ಣ, ಜುಬ್ಬಾ? ಎಲೆಕ್ಷನ್ನಿಗೆ ನಿಂತ್ಕೋತೀರಾ?” ಎಂದು ರೇಗಿಸಿದೆ.

“ಊಂ ಕಣಮ್ಮ ಶೈಲಮ್ಮ. ನೀನೇ ನನ್ ಪಿಎ,” ಎಂದರು.

ಕೆಂಪಣ್ಣನವರ ಕಿವಿ ಮಾತ್ರ ಜುಬ್ಬಾ ನೋಡುವಂಥದ್ದಲ್ಲ. ಎರಡನೇ ದಿನದ ರಿಹರ್ಸಲ್ಲಿನಲ್ಲಿ ಹಾಡಿನ ಮಧ್ಯೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು.

“ಮುನಿಯಾ, ಗುಮ್ಕಿ ಎಲ್ಲೋಯ್ತೋ?”

“ಮಳೆಗೆ ಚರ್ಮ ಸಡ್ಲಾಗಿ ಇಳ್ದದೆ ಕೆಂಪಣ್ಣ.”

“ಮೊನ್ನೆಯಿಂದ ಬಿಸ್ಲು ಕಣೋ.”

ಯಾರೂ ನಗಲಿಲ್ಲ. ಕೆಂಪಣ್ಣನವರು ದನಿ ತಗ್ಗಿಸಿದರು. “ನೋಡು, ಈ ಸಲ ಎಲ್ರೂ ಡ್ಯಾನ್ಸ್ ಸಾಂಗೇ ಕೇಳ್ತಾವ್ರೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ರಿದಮ್ ಪ್ಯಾಡಲ್ಲಿ ಲೂಪ್ ಹಾಕ್ಸ್‌ಬಿಡ್ತೀನಿ. ಬೇಜಾರ್ ಮಾಡ್ಕೋಬೇಡ.”

ಲೂಪ್ ಎಂದರೆ ಯಾರೋ ಎಲ್ಲೋ ಬಾರಿಸಿಟ್ಟ ಡೋಲಕ್ಕು, ಗುಂಡಿ ಒತ್ತಿದರೆ ಸುತ್ತಿ ಸುತ್ತಿ ಕೇಳುತ್ತಿರುತ್ತದೆ. ಲೂಪ್ ಬಂದ ತಂಡದಲ್ಲಿ ಡೋಲಕ್ಕಿನವರು ಕೂರುವ ಜಮಖಾನ ಸುತ್ತಿ ಎತ್ತಿಡುತ್ತಾರೆ. ನಮ್ಮ ತಂಡದಲ್ಲಿ ಹಿಂದೆ ಪಿಟೀಲಿನವರಿಬ್ಬರು ಹೀಗೇ ಹೋಗಿದ್ದರು. ಅವರ ಜಾಗಕ್ಕೆ ಬಂದವಳು ಕೀಬೋರ್ಡಿನ ನಾನೇ. ಮುನಿರಾಜಣ್ಣ ಹೆಗಲ ಮೇಲಿನ ಟವೆಲ್ಲನ್ನು ಎಡಗೈಗೆ ಸುತ್ತಿಕೊಂಡರು. ನನಗೆ ಸಿಟ್ಟು ಬಂತು.

ಲ್ಯಾಪ್‌ಟಾಪಿನಲ್ಲಿ ನಾನು ಆಗಷ್ಟೇ ಒಂದು ಕಸರತ್ತು ಕಲಿತಿದ್ದೆ. ಮೈಕಿನಿಂದ ಬಂದದ್ದು ಹಾಡೋ ಕೆಮ್ಮೋ ಅದಕ್ಕೆ ಬೇಕಿಲ್ಲ, ಎಷ್ಟು ಜೋರು ಎಂಬುದನ್ನಷ್ಟೇ ಅಳೆಯುತ್ತದೆ. ಆ ಜೋರನ್ನು ಸೊನ್ನೆಯಿಂದ ನೂರ ಇಪ್ಪತ್ತೇಳರ ನಡುವಿನ ಒಂದು ಅಂಕಿಯಾಗಿ ಮಾಡಿ ಕೀಬೋರ್ಡಿಗೆ ಕಳಿಸುತ್ತದೆ. ಅಂಕಿಗಳನ್ನು ಹೀಗೆ ಕಳಿಸುವ ಪದ್ಧತಿಗೆ ಮಿಡಿ ಎನ್ನುತ್ತಾರೆ. ಅಂಕಿ ಏರಿದರೆ ಕೀಬೋರ್ಡಿನ ದನಿ ಏರುತ್ತದೆ, ಇಳಿದರೆ ಇಳಿಯುತ್ತದೆ. ನಿಧಾನದ ಹಾಡುಗಳಿಗೆ ಇದನ್ನು ತಿರುಗಾಮುರುಗಾ ಮಾಡಿ ಬಳಸುತ್ತಿದ್ದೆ. ಹಾಡುಗಾರ್ತಿ ದನಿಯೆತ್ತಿದರೆ ನನ್ನ ಪಿಟೀಲಿನ ದನಿಗಳು ತಾವಾಗಿಯೇ ತಗ್ಗುತ್ತಿದ್ದವು, ಅವಳು ಉಸಿರೆಳೆದುಕೊಂಡಾಗ ಮೇಲೇಳುತ್ತಿದ್ದವು. ಜೋರನ್ನು ಅಳೆಯುವ ಈ ಯಂತ್ರ ಮೆಲ್ಲಗಿನದ್ದನ್ನೂ ಅಳೆಯಲೇಬೇಕಲ್ಲ ಎಂದು ಆ ದಿನ ಬಸ್ಸಿನಲ್ಲಿ ಕೂತಾಗ ಹೊಳೆಯಿತು.

ಡೋಲಕ್ಕಿನ ಎಡಬದಿಯ ಅಂಚಿಗೆ ನಾಣ್ಯದಗಲದ ಒಂದು ಪಿಕಪ್ ಅಂಟಿಸಿದೆ. ಅದು ಗಾಳಿಯಲ್ಲಿನ ಶಬ್ದಕ್ಕಿಂತ ಮರದ ಅದುರುವಿಕೆಯನ್ನು ಹಿಡಿಯುತ್ತದೆ. ಕೀಬೋರ್ಡಿನ ಒಳಗೆ ಗುಮ್ಕಿಯ ನಾದವೊಂದು ಸದಾ ಓಡುತ್ತಿರುವಂತೆ ಮಾಡಿ ಅದರ ಬಾಗಿಲು ಮುಚ್ಚಿಟ್ಟೆ. ಅಣ್ಣನ ಅಂಗೈ ಚರ್ಮವನ್ನು ಸೋಕಿದಷ್ಟು ಹೊತ್ತು ಬಾಗಿಲು ತೆರೆಯಬೇಕು, ಬಿಟ್ಟರೆ ಮುಚ್ಚಬೇಕು. ಎಷ್ಟು ಜೋರಿಗೆ ತೆರೆಯಬೇಕು ಎಂಬುದಕ್ಕೆ ಒಂದು ಗೆರೆ ಎಳೆಯಬೇಕಿತ್ತು. ಗೆರೆ ತೀರಾ ಮೇಲಿದ್ದರೆ ಅಣ್ಣನ ಕೈ ಅಲ್ಲಿಗೆ ಎಟುಕುವುದಿಲ್ಲ. ತೀರಾ ಕೆಳಗಿದ್ದರೆ ಸ್ಟೇಜಿನ ಹಲಗೆ ಅದುರಿದರೂ ಸಾಕು, ಬಾಗಿಲು ತೆರೆದುಕೊಳ್ಳುತ್ತದೆ. ನಡುವೆ ಒಂದು ಕಡೆ ಗೆರೆ ಎಳೆದು “ಮುಟ್ಟಿ ಅಣ್ಣ” ಎಂದೆ.

ಮುಟ್ಟಿದರು. ಸ್ಪೀಕರಿನಿಂದ ಗುಂವ್ ಎಂದು ಹಳೇ ಮುನಿರಾಜಣ್ಣನೇ ಎದ್ದುಬಂದರು. ಒಂದು ಗಳಿಗೆ ಕೈ ಹಿಂದಕ್ಕೆ ಎಳೆದುಕೊಂಡು, ಆಮೇಲೆ ಹಲ್ಲು ಕಾಣುವಂತೆ ನಕ್ಕರು. “ನಾನ್ ಮುಟ್ಟುದ್ರೆ ಇದು ಗುದ್ತದಲ್ಲಮ್ಮ. ಒಳ್ಳೇ ಕಿವಿ ಮಡ್ಗಿದೀಯ ಮಿಷಿನ್ಗೆ.” ಅಂದಿನಿಂದ ಆ ಗೆರೆಗೆ ನಮ್ಮಿಬ್ಬರ ನಡುವೆ ‘ಮಿಷಿನ್ ಕಿವಿ’ ಎಂದೇ ಹೆಸರು. ಕೆಂಪಣ್ಣನವರಿಗೂ ಎಲ್ಲ ಬಿಡಿಸಿ ಹೇಳಿದೆ. “ಏನಾರ ಮಾಡ್ಕೊಳ್ಳಿ, ನಂಗೆ ಗುಮ್ಕಿ ಬೇಕು,” ಎಂದು ಲೂಪಿನ ಮಾತು ಬಿಟ್ಟರು.

ಗಣೇಶ ಭರ್ಜರಿಯಾಗಿ ನಡೆಯಿತು. ಆರ್.ಟಿ. ನಗರದಲ್ಲಿ ಹುಡುಗರು ಕುಣಿದು ಕುಣಿದು ಪೆಂಡಾಲಿನ ಕಂಬವನ್ನೇ ಅಲ್ಲಾಡಿಸಿದರು. ಮುನಿರಾಜಣ್ಣ ಮೀಸೆ ತಿರುವಿಕೊಂಡು ಬಾರಿಸಿದರು. ನನ್ನ ಪರದೆಯ ಮೇಲೆ ಅವರ ಎಡಗೈ ಹಸಿರು ಪಟ್ಟಿಯಾಗಿ ಏರಿ ಇಳಿಯುತ್ತಿತ್ತು. ಕಣ್ಣಿಗೆ ಕಾಣುವ ಕೈಗಿಂತ ಆ ಪಟ್ಟಿಯೇ ನನಗೆ ಹೆಚ್ಚು ಪರಿಚಯವಾಯಿತು. ಹಾಗಾಗಿ ಅದು ಕುಗ್ಗುತ್ತಿರುವುದು ಎಲ್ಲರಿಗಿಂತ ಮೊದಲು ಗೊತ್ತಾದದ್ದೂ ನನಗೇ. ಮೊದಲ ಕಾರ್ಯಕ್ರಮದಲ್ಲಿ ಅರ್ಧ ದಾಟುತ್ತಿದ್ದ ಪಟ್ಟಿ ದಸರೆಯ ಹೊತ್ತಿಗೆ ಅರ್ಧಕ್ಕೆ ಬರಲು ಏದುಸಿರು ಬಿಡುತ್ತಿತ್ತು.

ಯಲಹಂಕದ ಕಾರ್ಯಕ್ರಮಕ್ಕೆ ಅವರ ಹೆಂಡತಿ ಜಯಕ್ಕ ಬಂದಿದ್ದರು. ಸ್ಟೇಜಿನ ಹಿಂದೆ ಬೋಂಡಾ ತಿನ್ನುತ್ತ ಪಕ್ಕದಲ್ಲಿ ಕೂತು, “ಕೈ ಎಂಗ್ ಗುಣ ಆಗದೆ ನೋಡ್ದಾ ಶೈಲಾ? ದೊಡ್ಡಬಳ್ಳಾಪುರದ ಕಡೆಯಿಂದ ಎಣ್ಣೆ ತರ್ಸಿ ದಿನಾ ತಿಕ್ತೀನಿ. ಆ ಸವುಂಡು ಕೇಳುದ್ರೇ ಗೊತ್ತಾಯ್ತದೆ,” ಎಂದರು. ಅವರ ಮುಖದಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ಬೇರೆ ಯಾರಾದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ನನ್ನಿಂದ ಆಗಲಿಲ್ಲ.

“ಅಕ್ಕ, ಆ ಸೌಂಡು ಕೈದಲ್ಲ. ಅಣ್ಣ ಸುಮ್ನೆ ಮುಟ್ತಾರೆ, ಲ್ಯಾಪ್‌ಟಾಪು ದೊಡ್ಡದು ಮಾಡತ್ತೆ. ಕೈ ದಿನಾ ಕಮ್ಮಿ ಆಗ್ತಿದೆ. ಡಾಕ್ಟ್ರಿಗೆ ತೋರ್ಸಿ.”

ಜಯಕ್ಕ ಬೋಂಡಾವನ್ನು ಪೇಪರಿನಲ್ಲಿ ಇಟ್ಟರು. “ನಿನ್ ಪೆಟ್ಗೆ ಕೀಬೋರ್ಡ್ ಬಾರುಸ್ತದೆ. ಡೋಲಕ್ ಬಾರ್ಸೋದು ನನ್ ಗಂಡ. ಕಣ್ಣಾರೆ ನೋಡ್ತಾ ಇವ್ನಿ, ಕಿವಿಯಾರೆ ಕೇಳ್ತಾ ಇವ್ನಿ. ಅವ್ರು ಬಾರ್ಸುದ್ದುಕ್ಕೆ ನೀನ್ ಎಸರು ತಕಬ್ಯಾಡ.”

ಹೆಸರು ತೆಗೆದುಕೊಳ್ಳುವುದು! ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದುಹೋದೆ. ಆಮೇಲೆ ಯೋಚಿಸಿದರೆ ಜಯಕ್ಕನ ತಪ್ಪೇನಿರಲಿಲ್ಲ. ಮದುವೆಯಾದಾಗಿನಿಂದ ಗಂಡನ ಕೈ ಹೇಗಿದೆ ಎಂದು ಅವರು ತಿಳಿದುಕೊಂಡದ್ದು ಡೋಲಕ್ಕಿನ ಸದ್ದಿನಿಂದಲೇ. ಜ್ವರ ಬಂದ ದಿನ ಸದ್ದು ಸೊರಗುತ್ತಿತ್ತು, ಹಬ್ಬದ ದಿನ ಮೆರೆಯುತ್ತಿತ್ತು. ಆ ಸದ್ದು ಇಷ್ಟು ಜೋರಾಗಿ ಚೆನ್ನಾಗಿದ್ದೇನೆ ಎನ್ನುತ್ತಿರುವಾಗ ನನ್ನ ಮಾತು ಯಾವ ಮೂಲೆಗೆ? ನಾನೇ ಮಾಡಿಟ್ಟ ಶಬ್ದದ ಮುಂದೆ ನನ್ನ ಬಾಯಿ ಸೋತಿತು.

ಆ ನವೆಂಬರಿನಲ್ಲಿ ಮಳೆ ಬಿಡಲೇ ಇಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಟೆಂಪೋ ಗಂಟೆಗಟ್ಟಲೆ ನಿಲ್ಲುತ್ತಿತ್ತು, ಮೇಲೆ ಹೊದಿಸಿದ ಟಾರ್ಪಾಲಿನಿಂದ ನೀರು ಸೋರಿ ಡ್ರೆಸ್ಸಿನ ಚೀಲಗಳೆಲ್ಲ ತೊಯ್ಯುತ್ತಿದ್ದವು. ಜನ ಕೊಡೆ ಹಿಡಿದೇ ಹಾಡು ಕೇಳುತ್ತಿದ್ದರು. ಈಗ ನಿಜವಾಗಿಯೂ ಮಳೆಗೆ ಚರ್ಮ ಇಳಿಯುತ್ತಿತ್ತು, ಆದರೆ ಮುನಿರಾಜಣ್ಣ ಆ ನೆಪ ಹೇಳುವುದನ್ನು ಬಿಟ್ಟಿದ್ದರು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ನನ್ನ ಹತ್ತಿರ ಬಗ್ಗಿ, “ಮಿಷಿನ್ ಕಿವಿ ಇನ್ನೊಸಿ ಚುರುಕ್ ಮಾಡಮ್ಮ,” ಎನ್ನುತ್ತಿದ್ದರು. ನಾನು ಗೆರೆಯನ್ನು ಇನ್ನೂ ಕೆಳಗೆ ಎಳೆಯುತ್ತಿದ್ದೆ.

ಒಂದು ಸಂಜೆ ಆ ಟೆಂಪೋದಲ್ಲೇ ಜಗಳ ಆಡಿದೆ. “ಡಾಕ್ಟ್ರ ಹತ್ರ ಹೋಗಿಲ್ಲ ಅಂದ್ರೆ ನಾಳೆಯಿಂದ ನಾನು ಲ್ಯಾಪ್‌ಟಾಪ್ ತರಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ.”

“ಈ ನವೆಂಬರ್ ತಿಂಗ್ಳೊಂದ್ ಕಳೀಲಿ ಕಣಮ್ಮ. ಕತ್ತಿ ಇಡ್ಕಂಡ್ ಕುಂತಿರೋರ್ ತಾವ್ಕೆ ನಾನಾಗೇ ಯಾಕ್ ಓಗ್ಲಿ?”

“ತಮಾಷೆ ಅಲ್ಲ ಅಣ್ಣ. ಪರದೇಲಿ ನಾನು ನೋಡ್ತಿದೀನಿ.”

ಅಣ್ಣ ಬಲಗೈಯಿಂದ ಎಡಗೈಯ ಕಿರುಬೆರಳನ್ನು ನೀವಿಕೊಳ್ಳುತ್ತಿದ್ದರು. ಆ ಬೆರಳಿಗೆ ಆಗಲೇ ಸ್ಪರ್ಶ ಹೋಗಿತ್ತೆಂದು ಆಮೇಲೆ ತಿಳಿಯಿತು.

“ಶೈಲಮ್ಮ, ರಾಜಾನುಕುಂಟೇಲಿ ಮುನಿರಾಜ ಅಂದ್ರೆ ಯಾವ್ ಮುನಿರಾಜ ಅಂತಾರೆ. ಡೋಲಕ್ ಮುನಿರಾಜ ಅಂದ್ರೆ ಮನೆಗಂಟ ಕರ್ಕಂಡ್ ಬಂದು ಬುಡ್ತಾರೆ. ಡೋಲಕ್ ತಗುದ್ರೆ ಬರೀ ಮುನಿರಾಜ. ಅಂತೋರು ನಮ್ಮೂರಲ್ಲಿ ಬೇಜಾನ್ ಅವ್ರೆ.”

ಮಾರನೇ ದಿನ ಲ್ಯಾಪ್‌ಟಾಪ್ ತೆಗೆದುಕೊಂಡೇ ಹೋದೆ.

ನಾಗಸಂದ್ರದ ಕಾರ್ಯಕ್ರಮ ತಿಂಗಳ ಕೊನೆಯಲ್ಲಿತ್ತು. ಸಂಜೆ ಜಿನುಗುತ್ತಿದ್ದ ಮಳೆ ಸ್ವಲ್ಪ ನಿಂತಿತ್ತು, ರಸ್ತೆಯ ತುಂಬ ಹಳದಿ ಕೆಂಪು ಬಾವುಟ ಒದ್ದೆಯಾಗಿ ಜೋತುಬಿದ್ದಿತ್ತು. ಜಯಕ್ಕ ಯಶವಂತಪುರದ ತಂಗಿಯ ಮನೆಗೆ ಬಂದವರು ಮೆಟ್ರೋ ಹತ್ತುವ ಆಸೆಗೆ ಅಲ್ಲಿಂದ ನಾಗಸಂದ್ರಕ್ಕೆ ಬಂದು ಮೊದಲ ಸಾಲಿನಲ್ಲೇ ಕುರ್ಚಿ ಹಿಡಿದಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಮುನಿರಾಜಣ್ಣ ಆ ದಿನ ಎರಡೆರಡು ಸಲ ಬಂದು ಮಿಷಿನ್ ಕಿವಿ ಚುರುಕು ಮಾಡಿಸಿಕೊಂಡರು. ಗೆರೆ ನೆಲ ಮುಟ್ಟಿತ್ತು. “ಇದಕ್ಕಿಂತ ಕೆಳಗೆ ಜಾಗ ಇಲ್ಲ ಅಣ್ಣ,” ಎಂದೆ. “ಸಾಕು ಬುಡು,” ಎಂದು ಹೋಗಿ ಕೂತರು.

ಮೂರನೆಯದೋ ನಾಲ್ಕನೆಯದೋ ಹಾಡು. ಪಕ್ಕದ ಬೀದಿಯ ಸಂಘದವರ ಮೆರವಣಿಗೆ ತಾಯಿ ಭುವನೇಶ್ವರಿಯ ಪಟ ಹೊತ್ತ ಟ್ರ್ಯಾಕ್ಟರಿನೊಂದಿಗೆ ಬಂದು ನಮ್ಮ ಸ್ಟೇಜಿನ ಮಗ್ಗುಲಲ್ಲೇ ನಿಂತಿತು. ಅವರ ತಮಟೆಯವರು ನಮ್ಮ ಹಾಡಿನ ತಾಳವನ್ನೇ ಹಿಡಿದು ಬಾರಿಸತೊಡಗಿದರು. ಜನಕ್ಕೆ ಖುಷಿಯೋ ಖುಷಿ. ನಾನು ತಲೆಯೆತ್ತಿ ಮುನಿರಾಜಣ್ಣನ ಕಡೆ ನೋಡಿದೆ. ಅವರ ಎಡಗೈ ಡೋಲಕ್ಕಿನ ಮೇಲಿರಲಿಲ್ಲ. ಜಾರಿ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ಮೇಲೆತ್ತಲು ಅವರ ಭುಜ ಹೆಣಗುತ್ತಿತ್ತು, ಕೈ ಏಳುತ್ತಿರಲಿಲ್ಲ.

ಗುಮ್ಕಿ ಮಾತ್ರ ನಿಂತಿರಲಿಲ್ಲ. ತಮಟೆಯ ಏಟೊಂದೊಂದೂ ಸ್ಟೇಜಿನ ಹಲಗೆಗೆ ಹತ್ತಿ, ಹಲಗೆಯಿಂದ ಡೋಲಕ್ಕಿಗೆ ಹತ್ತಿ, ಅಷ್ಟು ಕೆಳಗಿದ್ದ ಗೆರೆಯನ್ನು ದಾಟುತ್ತಿತ್ತು. ಬಾಗಿಲು ತೆರೆಯುತ್ತಿತ್ತು, ಗುಂವ್ ಎನ್ನುತ್ತಿತ್ತು. ತಮಟೆ ಕೇಳಿದ್ದಕ್ಕೆ ಡೋಲಕ್ಕು ಉತ್ತರ ಕೊಡುತ್ತಿದೆ ಎಂದುಕೊಂಡು ಜನ ಶಿಳ್ಳೆ ಹಾಕಿದರು. ಪಕ್ಕದಲ್ಲಿ ನಿಂತಿದ್ದ ಕೆಂಪಣ್ಣನವರೂ ಸ್ಪೀಕರಿನ ಕಡೆಗೇ ಕಿವಿಯಿಟ್ಟು ತಲೆದೂಗುತ್ತಿದ್ದರು. ಮುನಿರಾಜಣ್ಣ ತೊಡೆಯ ಮೇಲಿನ ಕೈ ನೋಡಿದರು, ಸ್ಪೀಕರ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಂದಾಗ ತನ್ನ ಹಾಸಿಗೆಯಲ್ಲಿ ಬೇರೊಬ್ಬ ಮಲಗಿರುವುದನ್ನು ಕಂಡವರಂತೆ ನೋಡಿದರು.

ಚಪ್ಪಾಳೆ ತಟ್ಟುತ್ತಿದ್ದ ಜಯಕ್ಕನ ಕೈ ನಿಂತದ್ದು ನನಗೆ ಕಂಡಿತು. ಅವರು ಗಂಡನ ಬಾರಿಸುವಿಕೆಯನ್ನು ಕೇಳಿದಷ್ಟೇ ನೋಡಿದವರೂ ಹೌದು. ಕುರ್ಚಿಯಿಂದ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಮೆಟ್ಟಿಲು ಹತ್ತಿ, ಹಾಡುಗಾರನ ಮುಂದೆಯೇ ಹಾದು, ಅಷ್ಟು ಜನರ ಎದುರು ಗಂಡನ ಪಕ್ಕ ಜಮಖಾನದ ಮೇಲೆ ಕೂತರು. ತೊಡೆಯ ಮೇಲಿದ್ದ ಆ ಕೈಯನ್ನು ಎತ್ತಿ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಗುಮ್ಕಿ ಆಗಲೂ ಬರುತ್ತಲೇ ಇತ್ತು. ನಾನು ಲ್ಯಾಪ್‌ಟಾಪಿನ ವೈರು ಕಿತ್ತೆ.

ಹಾಡು ಒಮ್ಮೆಲೇ ತೆಳ್ಳಗಾಯಿತು. ಹಾಡುಗಾರನೂ ನಿಲ್ಲಿಸಿದ. ಹೊರಗೆ ತಮಟೆಯೊಂದೇ ಕೇಳುತ್ತಿತ್ತು. ಕೆಂಪಣ್ಣನವರು ಓಡಿಬಂದು, ಕರೆಂಟ್ ಪ್ರಾಬ್ಲಂ, ಎರಡು ನಿಮಿಷ, ಎಂದು ಮೈಕಿನಲ್ಲಿ ಏನೋ ಹೇಳಿದರು. ನಾನು ಹತ್ತಿರ ಹೋಗಿ ಕೂತೆ. ಜಯಕ್ಕ ತಲೆಯೆತ್ತಲಿಲ್ಲ.

“ನೀನ್ ಏಳಿದ್ದೆ ಕಣವ್ವ,” ಎಂದರು. “ನೀನ್ ಏಳಿದ್ದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಕತ್ತಿನ ಸ್ಕ್ಯಾನ್ ಮಾಡಿದರು. ಕತ್ತಿನ ಮೂಳೆಗಳ ನಡುವೆ ನರ ಸಿಕ್ಕಿಹಾಕಿಕೊಂಡಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಮಾತಾಡಿದರು. ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ಆಪರೇಷನ್ ಮಾಡಿದರೆ ಇನ್ನು ಮುಂದೆ ಹೋಗುವುದು ನಿಲ್ಲುತ್ತದೆ, ಈಗಾಗಲೇ ಹೋಗಿರುವುದು ಎಷ್ಟು ವಾಪಸ್ ಬರುತ್ತದೆ ಎಂದು ಹೇಳಲಾಗದು ಎಂದರು. ಇಷ್ಟು ದಿನ ಕೈಯಲ್ಲಿ ಶಕ್ತಿ ಕಮ್ಮಿಯಾದದ್ದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದಾಗ ಜಯಕ್ಕ ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಕೆಂಪಣ್ಣನವರು ದಿನವೂ ಬಂದು ಮಂಚದ ಪಕ್ಕ ಕೂತು, ಹಾಡಿನ ಮಾತು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡಿ ಹೋಗುತ್ತಿದ್ದರು. ತಂಡಕ್ಕೆ ಲೂಪ್ ಬಂದಿತ್ತು. ಆ ವಿಷಯ ಮುನಿರಾಜಣ್ಣನಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೈ ಪರೀಕ್ಷೆಗೆ ಕರೆದರು. ಜಯಕ್ಕ ನನಗೆ ಫೋನ್ ಮಾಡಿ, “ನೀನೂ ಬಾರವ್ವ,” ಎಂದರು. ಹೋದೆ. ಮುನಿರಾಜಣ್ಣ ಆ ದಿನ ಗುಂಡಿಯ ಅಂಗಿ ಹಾಕಿಕೊಂಡು ಬಂದಿದ್ದರು. ಗುಂಡಿಗಳನ್ನು ಜಯಕ್ಕ ಹಾಕಿದ್ದಿರಬೇಕು, ನಾನು ಕೇಳಲಿಲ್ಲ. ಮನೆಯಲ್ಲಿ ಮಾಡಲು ಹೇಳಿಕೊಟ್ಟ ವ್ಯಾಯಾಮ ಒಂದೂ ಬಿಟ್ಟಿಲ್ಲ, ಬೆರಳು ಬೆಚ್ಚಗಾಗ್ತವೆ, ಬಟ್ಟೆ ಹಿಂಡೋಕೂ ಕೈ ಹಾಕಿದ್ದೆ ಎಂದು ಅಣ್ಣ ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಡಾಕ್ಟರು ಎದುರಿಗೆ ಸ್ಟೂಲ್ ಎಳೆದು ಕೂತು, ತಮ್ಮ ಎರಡು ಬೆರಳನ್ನು ಅಣ್ಣನ ಎಡ ಅಂಗೈಯಲ್ಲಿ ಇಟ್ಟರು.

“ಗಟ್ಟಿಯಾಗಿ ಹಿಡ್ಕೊಳ್ಳಿ.”

ಮುನಿರಾಜಣ್ಣ ಕಣ್ಣು ಮುಚ್ಚಿದರು. ಹಲ್ಲು ಕಚ್ಚಿದರು. ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಮೂಡಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಜಯಕ್ಕ ನನ್ನ ಮಣಿಕಟ್ಟು ಹಿಡಿದರು. ಡಾಕ್ಟರು ಕಾಯುತ್ತಿದ್ದರು.

“ಹೂಂ, ಹಿಡ್ಕೊಳ್ಳಿ,” ಎಂದರು.

“ಇಡ್ಕಂಡಿವ್ನಿ ಸಾರ್.”